ಸಾಂಬ್ರಾ ಆಕಾಶದ ತರಬೇತಿ ವಿಮಾನ: ಫಿಲ್ಟರ್ ಹಿಂದಿನ ಒಂದು ಪ್ಯಾಕಿಂಗ್ ಸೋರಿದರೆ ಏನಾಗುತ್ತೆ?

ಬೆಳಗಾವಿ: ಸಾಂಬ್ರಾ, ಬಾಳೇಕುಂದ್ರಿ, ಮಾರಿಹಾಳ, ಹೊನ್ನಿಹಾಳ ಕಡೆಯ ಜನರಿಗೆ ಸಣ್ಣ ವಿಮಾನದ ಸದ್ದು ಈಗ ಹೊಸದೇನಲ್ಲ. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಹೊಸ ಪೈಲಟ್ ತರಬೇತಿ ಶಾಲೆಗಳಿಗೆ ಜಾಗ ಕೊಡಲು ಐದು ನಿಲ್ದಾಣಗಳನ್ನು ಆರಿಸಿತ್ತು. ಅದರಲ್ಲಿ ರಾಜ್ಯದ ಬೆಳಗಾವಿ ಮತ್ತು ಕಲಬುರಗಿ ಎರಡೂ ಇದ್ದವು. ಹೊಲದಲ್ಲಿ ಕೆಲಸ ಮಾಡುವವರು ತಲೆ ಎತ್ತಿ ನೋಡುವ ಆ ವಿಮಾನದೊಳಗೆ ಬಹಳ ಸಲ 18-20 ವರ್ಷದ ಹುಡುಗ ಅಥವಾ ಹುಡುಗಿ ಕೂತಿರುತ್ತಾರೆ.

2023ರ ಮೇ 30ರಂದು ಸಾಂಬ್ರಾದಿಂದ ಹಾರಿದ್ದ ತರಬೇತಿ ವಿಮಾನವೊಂದು ಹೊನ್ನಿಹಾಳ ಬಳಿ ಹೊಲದಲ್ಲಿ ತುರ್ತಾಗಿ ಇಳಿದದ್ದು ಹಲವರಿಗೆ ನೆನಪಿರಬಹುದು. ಆ ಘಟನೆಯ ಕಾರಣ ಹೇಳುವುದು ತನಿಖೆ ಮಾಡುವವರ ಕೆಲಸ, ಈ ಬರಹ ಅದರ ಬಗ್ಗೆ ಅಲ್ಲ. ಆದರೆ ಅವತ್ತು ಊರಲ್ಲಿ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಇಷ್ಟೆಲ್ಲ ತಪಾಸಣೆ ಇರುವ ವಿಮಾನಕ್ಕೆ ಹಿಂಗ್ಯಾಕೆ ತೊಂದರೆ ಬರುತ್ತೆ?

ಒಂದೇ ಎಂಜಿನ್ ಇರುವ ಸಣ್ಣ ವಿಮಾನಕ್ಕೆ ತೊಂದರೆ ಕೊಡುವ ಕಾರಣ ಹತ್ತಾರಿವೆ. ಅದರಲ್ಲಿ ಒಂದು ಯಾವ ಗ್ಯಾರೇಜ್‌ನವರಿಗೂ ಥಟ್ಟನೆ ಅರ್ಥವಾಗುವಂಥದ್ದು. ಅದು ಆಯಿಲ್ ಫಿಲ್ಟರ್ ಕೂರುವ ಜಾಗದಲ್ಲಿನ ಸೋರಿಕೆ. ಕೈಯಿಂದ ಪದೇ ಪದೇ ಬಿಚ್ಚಿ ಕಟ್ಟುವ ಜಾಗ ಅದು. ಸರಿಯಾಗಿ ಕಟ್ಟಿದರೆ, ಕಟ್ಟಿದ ಮೇಲೆ ಎರಡು ನಿಮಿಷ ನೋಡಿದರೆ ಬಹುಪಾಲು ಸೋರಿಕೆ ನೆಲದ ಮೇಲೇ ಸಿಕ್ಕಿಬೀಳುತ್ತೆ.

ಅಡಾಪ್ಟರ್ ಅಂದ್ರೆ ಏನು?

ಕಾರು, ಟ್ರ್ಯಾಕ್ಟರ್‌ಗಳಲ್ಲಿ ಇರುವಂತೆ ಸಣ್ಣ ವಿಮಾನದ ಪಿಸ್ಟನ್ ಎಂಜಿನ್‌ಗೂ ಡಬ್ಬಿಯಂಥ ಆಯಿಲ್ ಫಿಲ್ಟರ್ ಇರುತ್ತೆ. ಹಲವು ಎಂಜಿನ್‌ಗಳಲ್ಲಿ ಅದು ನೇರವಾಗಿ ಎಂಜಿನ್‌ಗೆ ಕೂರೋದಿಲ್ಲ. ನಡುವೆ ಅಲ್ಯೂಮಿನಿಯಂನ ಒಂದು ತುಂಡು ಇರುತ್ತೆ. ಒಂದು ಕಡೆ ಎಂಜಿನ್, ಇನ್ನೊಂದು ಕಡೆ ಫಿಲ್ಟರ್. ಈ ನಡುವಿನ ತುಂಡೇ ಅಡಾಪ್ಟರ್.

ದೇಶದ ತರಬೇತಿ ಶಾಲೆಗಳಲ್ಲಿ ಹೆಚ್ಚಾಗಿ ಕಾಣುವ ಸೆಸ್ನಾ 152 ಮತ್ತು 172 ವಿಮಾನಗಳಲ್ಲಿ ಲೈಕಮಿಂಗ್ ಕಂಪನಿಯ ಎಂಜಿನ್ ಇರುತ್ತೆ. ಇವುಗಳಲ್ಲಿ ಅಡಾಪ್ಟರ್ ಎಂಜಿನ್‌ನ ಹಿಂಭಾಗಕ್ಕೆ ಬೋಲ್ಟ್‌ಗಳಿಂದ ಬಿಗಿದಿರುತ್ತೆ. ಮಧ್ಯೆ ತೆಳ್ಳಗಿನ ಗ್ಯಾಸ್ಕೆಟ್, ಅಂದರೆ ಗ್ಯಾರೇಜ್ ಭಾಷೆಯಲ್ಲಿ ಪ್ಯಾಕಿಂಗ್. ಆಯಿಲ್ ಬಿಸಿ ನೋಡಿ ಅದನ್ನು ಕೂಲರ್ ಕಡೆಗೆ ತಿರುಗಿಸುವ ವಾಲ್ವ್ ಕೂಡ ಸಾಮಾನ್ಯವಾಗಿ ಇಲ್ಲೇ ಇರುತ್ತೆ. ಅದು ಸುಮಾರು 85 ಡಿಗ್ರಿ ಸೆಲ್ಸಿಯಸ್‌ಗೆ ಕೆಲಸ ಮಾಡುತ್ತೆ.

ಹಳೆಯ ಕಾಂಟಿನೆಂಟಲ್ ಎಂಜಿನ್‌ಗಳ ಕಥೆ ಬೇರೆ. ಅವುಗಳಲ್ಲಿ ಎಷ್ಟೋ ಎಂಜಿನ್‌ಗಳು ತಯಾರಾದಾಗ ಫಿಲ್ಟರ್ ಇರಲಿಲ್ಲ, ಲೋಹದ ಜಾಲರಿ ಮಾತ್ರ ಇತ್ತು. ಆಮೇಲೆ ಆ ಜಾಲರಿ ಕೂರುವ ರಂಧ್ರಕ್ಕೇ ಅಡಾಪ್ಟರ್ ತಿರುಗಿಸಿ ಫಿಲ್ಟರ್ ಹಾಕುವ ವ್ಯವಸ್ಥೆ ಬಂತು. ಅಂದರೆ ಜಾಲರಿಗೆಂದು ಮಾಡಿದ ರಂಧ್ರದ ಥ್ರೆಡ್ ಈಗ ತುಂಬಿದ ಫಿಲ್ಟರ್‌ನ ಭಾರವನ್ನೂ, ಎಂಜಿನ್ ನಡುಕವನ್ನೂ ಹೊರಬೇಕು.

ಎರಡರಲ್ಲೂ ಒಂದು ಸಂಗತಿ ಸಮಾನ. ಪಂಪ್ ಒತ್ತಿ ಕಳಿಸುವ ಆಯಿಲ್ ಈ ಜಾಗವನ್ನು ದಾಟಿಯೇ ಬೇರಿಂಗ್‌ಗಳಿಗೆ ಹೋಗಬೇಕು.

ಹನಿ ಮತ್ತು ಧಾರೆ

ಸೆಸ್ನಾ 172ಎಸ್ ಮಾದರಿಯಲ್ಲಿ ಎಂಜಿನ್ ಸಂಪ್‌ನಲ್ಲಿ ಹಿಡಿಯುವ ಆಯಿಲ್ 8 ಕ್ವಾರ್ಟ್, ಅಂದರೆ ಸುಮಾರು ಏಳೂವರೆ ಲೀಟರ್. 5 ಕ್ವಾರ್ಟ್‌ಗಿಂತ ಕಡಿಮೆ ಇದ್ದರೆ ಹಾರಿಸಬಾರದು ಅಂತ ಆ ವಿಮಾನದ ಕೈಪಿಡಿಯೇ ಹೇಳುತ್ತೆ. ಹಾರಾಟದಲ್ಲಿ ಆಯಿಲ್ ಒತ್ತಡ 50ರಿಂದ 90 ಪಿಎಸ್‌ಐ ನಡುವೆ ಇರಬೇಕು. ಕಾರಿನ ಟೈರಿಗೆ ಹಾಕುವ ಗಾಳಿ 32 ಪಿಎಸ್‌ಐ ಆಸುಪಾಸು. ಅದರ ಒಂದೂವರೆಯಿಂದ ಸುಮಾರು ಮೂರು ಪಟ್ಟು ಒತ್ತಡ ಒಂದು ತೆಳ್ಳಗಿನ ಪ್ಯಾಕಿಂಗ್ ಹಿಂದೆ ನಿಂತಿರುತ್ತೆ.

ಎಂಜಿನ್ ಕೆಳಗಿನ ಸಂಪ್‌ನ ಜೋಡಣೆಯಲ್ಲಿ ಜಿನುಗಿದರೆ ಅಲ್ಲಿ ಪಂಪ್‌ನ ಒತ್ತಡ ಇರೋದಿಲ್ಲ, ಹನಿ ಹನಿಯಾಗಿ ಬೀಳುತ್ತೆ. ಅಡಾಪ್ಟರ್ ಜಾಗ ಹಂಗಲ್ಲ. ಅಲ್ಲಿ ಪ್ಯಾಕಿಂಗ್ ಒಂದು ಕಡೆ ಹರಿದು ಹೊರಗೆ ತಳ್ಳಿಕೊಂಡರೆ ಪಂಪ್ ತಾನೇ ಆಯಿಲನ್ನು ಹೊರಗೆ ಚಿಮ್ಮಿಸುತ್ತೆ. ನಿಮಿಷಗಳಲ್ಲಿ ಸಂಪ್ ಖಾಲಿ ಆಗಬಹುದು. ಆಯಿಲ್ ಇಲ್ಲದ ಎಂಜಿನ್‌ನ ಬೇರಿಂಗ್ ಸುಟ್ಟು ಎಂಜಿನ್ ಹಿಡಿದುಕೊಳ್ಳುತ್ತೆ. ಪಂಪ್‌ಸೆಟ್ ಎಂಜಿನ್ ಸೀಜ್ ಆಗಿ ರಿಪೇರಿಗೆ ಕೊಟ್ಟ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಅಪಾಯ ಬೆಂಕಿ. ಸೋರಿದ ಆಯಿಲ್ ಕೆಂಪಗೆ ಕಾದ ಸೈಲೆನ್ಸರ್ ಕೊಳವೆ ಮೇಲೆ ಬಿದ್ದರೆ ಮೊದಲು ಹೊಗೆ, ಆಮೇಲೆ ಬೆಂಕಿ.

ಮತ್ತೂ ಒಂದು ತೊಡಕಿದೆ. ಮುಂದಿನ ಪ್ರೊಪೆಲ್ಲರ್ ಕಡೆ ಸೋರಿದರೆ ಎದುರಿನ ಗಾಜಿನ ಮೇಲೆ ಆಯಿಲ್ ಹರಡಿ ಪೈಲಟ್‌ಗೆ ಕಾಣುತ್ತೆ. ಅಡಾಪ್ಟರ್ ಇರೋದು ಎಂಜಿನ್ ಹಿಂದೆ. ಅಲ್ಲಿಂದ ಹೊರಟ ಆಯಿಲ್ ಗಾಳಿಯ ಜೊತೆ ಕೆಳಗಿಳಿದು ವಿಮಾನದ ಹೊಟ್ಟೆಗೆ ಅಂಟಿಕೊಂಡು ಹಿಂದಕ್ಕೆ ಹೋಗುತ್ತೆ. ಒಳಗೆ ಕೂತವರಿಗೆ ಏನೂ ಕಾಣದೇ ಇರಬಹುದು. ಗೇಜ್ ಮುಳ್ಳು ಒಂದೇ ಸಾಕ್ಷಿ.

ಯಾಕೆ ಸೋರುತ್ತೆ?

ಕಾರಣಗಳು ದೊಡ್ಡ ತಾಂತ್ರಿಕ ರಹಸ್ಯಗಳಲ್ಲ. ಉದ್ಯಮಬಾಗ್, ಮಚ್ಛೆ ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಪ್ರತಿಯೊಂದೂ ಪರಿಚಿತ.

ಮೊದಲನೆಯದು ಬಿಸಿ. ಪ್ಯಾಕಿಂಗ್ ದಿನವೂ ಕಾದು ತಣ್ಣಗಾಗುತ್ತೆ. ವರ್ಷಗಳು ಕಳೆದಂತೆ ಗಟ್ಟಿಯಾಗಿ, ತೆಳುವಾಗಿ, ಸ್ಪ್ರಿಂಗ್ ಗುಣ ಕಳೆದುಕೊಳ್ಳುತ್ತೆ. ಬೋಲ್ಟ್ ಅಲುಗಾಡದೇ ಇದ್ದರೂ ಅದರ ಬಿಗಿತ ಕಡಿಮೆಯಾಗುತ್ತೆ.

ಎರಡನೆಯದು ನಡುಕ. ಫಿಲ್ಟರ್ ಅನ್ನೋದು ಅಡಾಪ್ಟರ್‌ನಿಂದ ಹೊರಕ್ಕೆ ಚಾಚಿದ ಭಾರ. ಸ್ವಲ್ಪ ಸಡಿಲ ಸಿಕ್ಕರೆ ಸಾಕು, ಎರಡು ಲೋಹಗಳು ಒಂದಕ್ಕೊಂದು ಉಜ್ಜಿ ಸವೆಯಲು ಶುರುಮಾಡುತ್ತವೆ. ಸವೆದಷ್ಟು ಸಡಿಲ, ಸಡಿಲವಾದಷ್ಟು ಸವೆತ.

ಮೂರನೆಯದು ಹಳೆಯ ರಬ್ಬರ್ ರಿಂಗ್. ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಕೆಲವೊಮ್ಮೆ ಅಡಾಪ್ಟರ್‌ಗೇ ಅಂಟಿಕೊಂಡು ಉಳಿಯುತ್ತೆ. ಗಮನಿಸದೆ ಹೊಸ ಫಿಲ್ಟರ್ ಹಾಕಿದರೆ ಒಂದರ ಮೇಲೊಂದು ಎರಡು ರಿಂಗ್. ಬಿಗಿ ಮಾಡುವಾಗ ಎಲ್ಲ ಸರಿ ಇದ್ದಂತೆ ಕಾಣುತ್ತೆ. ಎಂಜಿನ್ ಒತ್ತಡ ಏರಿದಾಗ ಒಂದು ರಿಂಗ್ ಜಾರಿ ಹೊರಗೆ ಬರುತ್ತೆ, ಆಯಿಲ್ ಧಾರೆ ಹೊಡೆಯುತ್ತೆ. ಕಾರಿನ ಮೆಕ್ಯಾನಿಕ್‌ಗಳಿಗೂ ಇದು ಗೊತ್ತಿರುವ ತಪ್ಪೇ. ಕಾರು ರಸ್ತೆ ಬದಿ ನಿಲ್ಲುತ್ತೆ ಅನ್ನೋದಷ್ಟೇ ವ್ಯತ್ಯಾಸ.

ನಾಲ್ಕನೆಯದು ಅತಿ ಬಿಗಿ. "ಇನ್ನೊಂದು ಸುತ್ತು ಇರಲಿ" ಅನ್ನೋ ಅಭ್ಯಾಸ ಇಲ್ಲಿ ಕೆಲಸ ಕೆಡಿಸುತ್ತೆ. ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತೆ, ಪ್ಯಾಕಿಂಗ್ ಜಜ್ಜಿಹೋಗುತ್ತೆ, ಫಿಲ್ಟರ್ ತಳ ಸೊಟ್ಟಗಾಗುತ್ತೆ.

ಐದನೆಯದು ಒರಟು ಸ್ವಚ್ಛತೆ. ಹಳೆಯ ಪ್ಯಾಕಿಂಗ್ ಕೆರೆಯಲು ಚೂಪಾದ ಉಕ್ಕಿನ ಬ್ಲೇಡ್ ಬಳಸಿದರೆ ಮೆತ್ತನೆಯ ಅಲ್ಯೂಮಿನಿಯಂ ಮೇಲೆ ಗೀರು ಬೀಳುತ್ತೆ. ಆ ಗೀರೇ ಆಯಿಲ್‌ಗೆ ಕಾಲುವೆ. ಅದನ್ನು ಮುಚ್ಚಲು ಮ್ಯಾನುಯಲ್ ಹೇಳದ ಕಡೆ ಸಿಲಿಕೋನ್ ಗಮ್ ಬಳಿದರೆ ಒಳಗೆ ಉಬ್ಬಿದ ಚೂರು ಕಿತ್ತು ಆಯಿಲ್ ದಾರಿಗೆ ಅಡ್ಡ ಕೂರಬಹುದು. ಸೋರಿಕೆ ನಿಂತಂತೆ ಕಂಡರೂ ಇದು ಇನ್ನೂ ದೊಡ್ಡ ಅಪಾಯ.

ಆದೇಶಗಳು ಹೇಳುವ ಪಾಠ

ವಿಮಾನದಲ್ಲಿ ಅಪಾಯಕಾರಿ ದೋಷ ಕಂಡುಬಂದರೆ ಅದನ್ನು ವಿನ್ಯಾಸ ಮಾಡಿದ ದೇಶದ ವಿಮಾನಯಾನ ಇಲಾಖೆ 'ಏರ್‌ವರ್ದಿನೆಸ್ ಡೈರೆಕ್ಟಿವ್' ಎಂಬ ಕಡ್ಡಾಯ ಆದೇಶ ಹೊರಡಿಸುತ್ತೆ. ಚಿಕ್ಕದಾಗಿ ಎ.ಡಿ. ಅಂತಾರೆ. ಭಾರತದಲ್ಲಿ ಹಾರುವ ವಿಮಾನಗಳೂ ಅದನ್ನು ಪಾಲಿಸುವಂತೆ ಡಿಜಿಸಿಎ ನೋಡಿಕೊಳ್ಳುತ್ತೆ. ಫಿಲ್ಟರ್ ಅಡಾಪ್ಟರ್ ಸುತ್ತಲಿನ ದೋಷಕ್ಕೆ ಅಮೆರಿಕದ ಎಫ್‌ಎಎ ಇಂಥ ಆದೇಶವನ್ನು ಒಂದಲ್ಲ, ಹಲವು ಸಲ ಹೊರಡಿಸಿದೆ.

1996ರಲ್ಲಿ ಕಾಂಟಿನೆಂಟಲ್ ಎಂಜಿನ್‌ನ ಹಲವು ಸೆಸ್ನಾ ಮಾದರಿಗಳ ಮೇಲೆ ಆದೇಶ ಬಂತು. ಅಡಾಪ್ಟರ್ ಸಡಿಲವಾಗಿ ಅಥವಾ ಕಳಚಿ ಎಂಜಿನ್ ಆಯಿಲ್ ಖಾಲಿಯಾಗುವುದನ್ನು ತಡೆಯುವುದು ಅದರ ಉದ್ದೇಶ. ಒಂದು ಸಲ ನೋಡಿ ಬಿಡುವಂತಿಲ್ಲ, ಪದೇ ಪದೇ ತಪಾಸಣೆ ಮಾಡಲೇಬೇಕು.

2002ರಲ್ಲಿ ಲೈಕಮಿಂಗ್ ಎಂಜಿನ್‌ಗಳ ಸರದಿ. ಹಳೆ ಮಾದರಿಯ ಫಿಲ್ಟರ್ ಜಾಗಕ್ಕೆ ಈಗಿನ ಡಬ್ಬಿ ಫಿಲ್ಟರ್ ಕೂರಿಸಲು ಹಾಕುವ 'ಕನ್ವರ್ಟರ್ ಪ್ಲೇಟ್' ಹಿಂದಿನ ಪ್ಯಾಕಿಂಗ್ ಕೈಕೊಡುತ್ತಿತ್ತು. ಪೂರ್ತಿ ಆಯಿಲ್ ಹೋಗುವ, ಬೆಂಕಿ ಹತ್ತುವ ಅಪಾಯ ಇದ್ದುದರಿಂದ ತಪಾಸಣೆ ಮತ್ತು ಬದಲಾವಣೆ ಕಡ್ಡಾಯವಾಯ್ತು.

ಈಚಿನ ವರ್ಷಗಳಲ್ಲಿ ಕಾಂಟಿನೆಂಟಲ್ ಎಂಜಿನ್‌ಗೆ ಹೊರಗಿನ ಕಂಪನಿಯವರು ಮಾಡಿದ ಅಡಾಪ್ಟರ್ ಮೇಲೂ ಆದೇಶ ಬಂದಿದೆ. ಆಯಿಲ್ ಹೋಗಿ ಎಂಜಿನ್ ಶಕ್ತಿ ಕಳೆದುಕೊಂಡ ಅಪಘಾತಗಳ ನಂತರ, ಅದರ ಫೈಬರ್ ಪ್ಯಾಕಿಂಗ್ ತೆಗೆದು ತಾಮ್ರದ ಪ್ಯಾಕಿಂಗ್ ಹಾಕಬೇಕು ಅಂತ ಹೇಳಲಾಯಿತು.

ಮೂರು ಆದೇಶಗಳಲ್ಲಿ ಎರಡು ಕಾಂಟಿನೆಂಟಲ್ ಎಂಜಿನ್‌ಗೆ, ಒಂದು ಲೈಕಮಿಂಗ್ ಎಂಜಿನ್‌ಗೆ ಸಂಬಂಧಿಸಿದ್ದು. ಜಾಗ ಮಾತ್ರ ಅದೇ.

ಎಲ್ಲಿಂದ ಸೋರುತ್ತಿದೆ ಅಂತ ಪತ್ತೆ ಹಚ್ಚೋದು

ಆಯಿಲ್ ಕಾಣುವ ಜಾಗವೇ ಸೋರುವ ಜಾಗ ಅಂದುಕೊಂಡರೆ ಮೋಸ ಹೋದಂತೆ. ಕೌಲಿಂಗ್ ಒಳಗೆ ಗಾಳಿ ಜೋರಾಗಿ ಬೀಸುವುದರಿಂದ ಒಂದು ಹನಿ ಆಯಿಲ್ ಅಂಗೈ ಅಗಲ ಹರಡುತ್ತೆ. ಅಡಾಪ್ಟರ್ ಪಕ್ಕದಲ್ಲೇ ಮ್ಯಾಗ್ನೆಟೊ, ವ್ಯಾಕ್ಯೂಮ್ ಪಂಪ್, ಆಯಿಲ್ ಕೂಲರ್ ಪೈಪ್ ಎಲ್ಲ ಇರುತ್ತವೆ. ಪ್ರತಿಯೊಂದಕ್ಕೂ ತನ್ನದೇ ಪ್ಯಾಕಿಂಗ್ ಅಥವಾ ಸೀಲ್. ಮೇಲಿನ ಮ್ಯಾಗ್ನೆಟೊ ಬುಡದಲ್ಲಿ ಜಿನುಗಿದ್ದು ಕೆಳಗಿನ ಅಡಾಪ್ಟರ್ ಮೇಲೆ ಇಳಿದು, ಅಡಾಪ್ಟರೇ ಸೋರಿದಂತೆ ಕಾಣಬಹುದು.

ಅದಕ್ಕೇ ಅನುಭವಿ ಎಂಜಿನಿಯರ್‌ಗಳು ಮೊದಲು ಪಾನಾ ಕೈಗೆತ್ತಿಕೊಳ್ಳೋದಿಲ್ಲ. ಆ ಭಾಗವನ್ನು ಸಾಲ್ವೆಂಟ್‌ನಿಂದ ತೊಳೆದು ಪೂರ್ತಿ ಒಣಗಿಸುತ್ತಾರೆ. ಸಂಶಯ ಇರುವ ಜೋಡಣೆಗಳ ಮೇಲೆ ಬಿಳಿ ಪುಡಿಯ ತೆಳು ಲೇಪ ಸಿಂಪಡಿಸುತ್ತಾರೆ. ಎಂಜಿನ್ ಚಾಲೂ ಮಾಡಿ ನೆಲದ ಮೇಲೇ ಕೆಲವು ನಿಮಿಷ ಓಡಿಸಿ, ಬಂದ್ ಮಾಡಿ, ಟಾರ್ಚ್ ಮತ್ತು ಚಿಕ್ಕ ಕನ್ನಡಿ ಹಿಡಿದು ನೋಡುತ್ತಾರೆ. ಬಿಳಿ ಮೇಲೆ ಕಪ್ಪು ಗೆರೆ ಎಲ್ಲಿಂದ ಶುರುವಾಗಿದೆಯೋ ಅದೇ ಜಾಗ.

ಸಿಕ್ಕ ಮೇಲೆ ಬೋಲ್ಟ್ ಇನ್ನಷ್ಟು ತಿರುಗಿಸಿ ಮುಗಿಸುವ ಆಸೆ ಆಗುತ್ತೆ. ಹಳತಾದ ಪ್ಯಾಕಿಂಗ್ ಅದಕ್ಕೆ ಎರಡು ದಿನ ಸುಮ್ಮನಿದ್ದು ಮೂರನೇ ದಿನ ಮತ್ತೆ ಜಿನುಗುತ್ತೆ. ಅಡಾಪ್ಟರ್ ಬಿಚ್ಚಿ, ಎರಡೂ ಮುಖ ಸಪಾಟಾಗಿವೆಯೇ, ಥ್ರೆಡ್ ಸರಿ ಇದೆಯೇ ನೋಡಿ, ಮ್ಯಾನುಯಲ್ ಹೇಳಿದ ಪಾರ್ಟ್ ನಂಬರಿನ ಹೊಸ ಪ್ಯಾಕಿಂಗ್ ಹಾಕೋದೇ ಸರಿಯಾದ ದಾರಿ. ಅಂಗಡಿಯಲ್ಲಿ ಸಿಕ್ಕ ಅದೇ ಅಳತೆಯ ಪ್ಯಾಕಿಂಗ್ ಇಲ್ಲಿ ನಡೆಯೋದಿಲ್ಲ. ಭಾರತದಲ್ಲಿ ಈ ಕೆಲಸಕ್ಕೆ ಸಹಿ ಹಾಕಲು ಪಿಸ್ಟನ್ ಎಂಜಿನ್ ವಿಮಾನಗಳ ಬಿ1.2 ವರ್ಗದ ಲೈಸೆನ್ಸ್ ಬೇಕು.

50 ಗಂಟೆಗೊಮ್ಮೆ ನಡೆಯುವ ಕೆಲಸ

ಡಬ್ಬಿ ಫಿಲ್ಟರ್ ಇರುವ ಎಂಜಿನ್‌ಗಳಲ್ಲಿ 50 ಗಂಟೆ ಹಾರಾಟಕ್ಕೊಮ್ಮೆ ಅಥವಾ ನಾಲ್ಕು ತಿಂಗಳಿಗೊಮ್ಮೆ, ಯಾವುದು ಮೊದಲೋ ಆಗ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕು ಅಂತ ಲೈಕಮಿಂಗ್ ಹೇಳುತ್ತೆ. ಜಾಲರಿ ಮಾತ್ರ ಇದ್ದರೆ 25 ಗಂಟೆಗೊಮ್ಮೆ. ದಿನಕ್ಕೆ ನಾಲ್ಕು ಗಂಟೆ ಹಾರುವ ತರಬೇತಿ ವಿಮಾನಕ್ಕೆ 50 ಗಂಟೆ ಅಂದರೆ ಎರಡು ವಾರವೂ ಅಲ್ಲ. ಅಷ್ಟು ಸಲ ಈ ಜಾಗಕ್ಕೆ ಕೈ ಬೀಳುತ್ತೆ, ಅಷ್ಟು ಸಲ ತಪ್ಪಿಗೂ ಅವಕಾಶ.

ಸರಿಯಾದ ಕ್ರಮ ಹೀಗಿದೆ:

• ಹಳೆ ಫಿಲ್ಟರ್ ತೆಗೆದ ಕೂಡಲೇ ಅದರ ರಬ್ಬರ್ ರಿಂಗ್ ಅದರಲ್ಲೇ ಇದೆಯಾ ನೋಡಬೇಕು. ಇಲ್ಲದಿದ್ದರೆ ಅದು ಅಡಾಪ್ಟರ್ ಮೇಲಿದೆ.

• ಅಡಾಪ್ಟರ್ ಮುಖ ಒರೆಸಿ, ಬೆರಳಾಡಿಸಿ, ಟಾರ್ಚ್ ಹಾಕಿ ನೋಡಬೇಕು. ಅಡಾಪ್ಟರನ್ನು ಕೈಯಿಂದ ಅಲುಗಿಸಿ ಸಡಿಲ ಇದೆಯಾ ಪರೀಕ್ಷಿಸಬೇಕು.

• ಬೋಲ್ಟ್ ತಲೆ ಮೇಲೆ ಎಳೆದ ಬಣ್ಣದ ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಅಂತಲೇ ಅರ್ಥ.

• ಹೊಸ ಫಿಲ್ಟರ್‌ನ ರಿಂಗ್‌ಗೆ ತಯಾರಕರು ಹೇಳಿದ ಜಾರುವ ಲೇಪ ಸವರಬೇಕು. ಒಣ ರಿಂಗ್ ತಿರುಚಿಕೊಳ್ಳುತ್ತೆ.

• ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು. ಹೆಚ್ಚು ಬಳಕೆಯಲ್ಲಿರುವ ಚಾಂಪಿಯನ್ ಫಿಲ್ಟರ್‌ಗಳಿಗೆ ಇದು 16ರಿಂದ 18 ಫೂಟ್-ಪೌಂಡ್, ಅಂದರೆ 22ರಿಂದ 24 ನ್ಯೂಟನ್-ಮೀಟರ್. ಒಬ್ಬ ಗಟ್ಟಿ ಆಳು ಕೈಯಳತೆಯಲ್ಲಿ ಬಿಗಿದರೆ ಇದನ್ನು ಸುಲಭವಾಗಿ ದಾಟಿಬಿಡುತ್ತಾನೆ.

• ತಿರುಗಿ ಸಡಿಲವಾಗದಂತೆ ಲಾಕ್ ವೈರ್ ಕಟ್ಟಬೇಕು.

• ಎಂಜಿನ್ ಓಡಿಸಿ, ನಿಲ್ಲಿಸಿ, ಕೌಲಿಂಗ್ ಮುಚ್ಚುವ ಮೊದಲು ಸೋರಿಕೆ ನೋಡಬೇಕು. ಡಿಪ್‌ಸ್ಟಿಕ್ ಮತ್ತೆ ನೋಡಬೇಕು, ಯಾಕಂದ್ರೆ ಹೊಸ ಫಿಲ್ಟರ್ ತುಂಬಲು ಒಂದಷ್ಟು ಆಯಿಲ್ ಹೋಗಿರುತ್ತೆ.

• ಹಳೆ ಫಿಲ್ಟರ್ ಎಸೆಯುವ ಹಾಗಿಲ್ಲ. ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ಲೋಹದ ಚೂರು ಇದೆಯಾ ಹುಡುಕಬೇಕು. ಎಂಜಿನ್ ಒಳಗಿನ ಸವೆತ ಮೊದಲು ತೋರುವುದೇ ಅಲ್ಲಿ.

ಎಲ್ಲ ವಿಮಾನಕ್ಕೂ ಒಂದೇ ಲೆಕ್ಕ ಅಲ್ಲ. ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಹಂಸ ತರಬೇತಿ ವಿಮಾನದಲ್ಲಿ ರೋಟ್ಯಾಕ್ಸ್ ಎಂಜಿನ್ ಇದೆ. ಅದರಲ್ಲಿ ಆಯಿಲ್‌ಗೆ ಬೇರೆ ಟ್ಯಾಂಕ್ ಇದ್ದು, ಫಿಲ್ಟರ್ ಆಯಿಲ್ ಪಂಪ್‌ನ ಕವಚಕ್ಕೇ ಕೂರುತ್ತೆ, ಕೈಯಿಂದಲೇ ಬಿಗಿಯುತ್ತಾರೆ. ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ತಂದರೆ ಅಲ್ಲೇ ತಪ್ಪು ಶುರು.

ಹಾರುವ ಮುನ್ನ, ಹಾರಿದ ಮೇಲೆ

ಕೊನೆಯ ಕಾವಲು ಇರೋದು ವಿದ್ಯಾರ್ಥಿ ಕೈಯಲ್ಲಿ. ಹಾರುವ ಮುನ್ನ ವಿಮಾನದ ಸುತ್ತ ಒಂದು ಸುತ್ತು ಹಾಕುವಾಗ ಡಿಪ್‌ಸ್ಟಿಕ್ ಅಳತೆ ನೋಡುವುದರ ಜೊತೆಗೆ, ನಿನ್ನೆಗಿಂತ ಎಷ್ಟು ಇಳಿದಿದೆ ಅಂತಲೂ ನೋಡಬೇಕು. ಮೂಗಿನ ಚಕ್ರದ ಹತ್ತಿರ ನೆಲದಲ್ಲಿ ಹೊಸ ಕಲೆ ಇದೆಯಾ? ಕೌಲಿಂಗ್ ಕೆಳ ಅಂಚಿನಿಂದ ಹನಿ ಇಳಿದಿದೆಯಾ? ಹೊಟ್ಟೆಯ ಕೆಳಗೆ ಕೈಯಿಟ್ಟರೆ ಹಸಿ ಆಯಿಲ್ ಅಂಟುತ್ತಾ? ಉಸಿರಾಟದ ಕೊಳವೆಯಿಂದ ಸ್ವಲ್ಪ ಆಯಿಲ್ ಬರೋದು ಸಹಜ, ಅದರ ಗೆರೆ ಆ ಕೊಳವೆಯಿಂದ ಶುರುವಾಗುತ್ತೆ. ಬೇರೆ ಕಡೆಯಿಂದ ಬಂದಿದ್ದರೆ ಕೇಳಲೇಬೇಕು. ಫಿಲ್ಟರ್ ಬದಲಿಸಿದ ನಂತರದ ಮೊದಲ ಹಾರಾಟವಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು.

ಮಾಡಬಾರದ್ದು ಒಂದೇ: ಬಟ್ಟೆ ತಗೊಂಡು ಒರೆಸಿ ಸುಮ್ಮನೆ ಹಾರೋದು. ಒರೆಸಿದರೆ ಮುಂದಿನವರಿಗೆ ಸುಳಿವೇ ಸಿಗೋದಿಲ್ಲ.

ಮೇಲೆ ಹೋದ ಮೇಲೆ ಆಯಿಲ್ ಒತ್ತಡ ಇಳಿದು, ಬಿಸಿ ಏರತೊಡಗಿದರೆ ಅದನ್ನು ಆಯಿಲ್ ಹೋಗುತ್ತಿರುವ ಲಕ್ಷಣ ಅಂತಲೇ ತಿಳಿಯಬೇಕು. ಶಕ್ತಿ ತಗ್ಗಿಸಿ, ಇಳಿಯಲು ಜಾಗ ಆಗಲೇ ಆರಿಸಿಕೊಳ್ಳಬೇಕು. ಒತ್ತಡ ಇಳಿದರೂ ಬಿಸಿ ಮಾಮೂಲಿ ಇದ್ದರೆ ಗೇಜ್ ಕೆಟ್ಟಿರಬಹುದು, ಆದರೂ ಹತ್ತಿರದ ನಿಲ್ದಾಣದಲ್ಲಿ ಇಳಿದೇ ನೋಡಬೇಕು. 172ಎಸ್‌ನ ಕೆಂಪು ಎಚ್ಚರಿಕೆ ದೀಪ ಹತ್ತುವುದು ಒತ್ತಡ 20 ಪಿಎಸ್‌ಐಗೆ ಇಳಿದಾಗ. ಅಷ್ಟೊತ್ತಿಗೆ ತಡವಾಗಿರುತ್ತೆ. ಮುಳ್ಳು ಇಳಿಯುವುದನ್ನು ದೀಪಕ್ಕಿಂತ ಮೊದಲು ಕಣ್ಣು ಹಿಡಿಯಬೇಕು. ಎಂಜಿನ್ ನಿಂತರೆ 172 ವಿಮಾನ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಎರಡೂವರೆ ಕಿ.ಮೀ. ತೇಲಿಕೊಂಡು ಹೋಗಬಲ್ಲದು. 2,000 ಅಡಿಯಲ್ಲಿದ್ದರೆ ಐದು ಕಿ.ಮೀ. ಸುತ್ತಿನಲ್ಲಿ ಜಾಗ ಸಿಗಬೇಕು.

ಬರೆಯುವ ಧೈರ್ಯ

ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಹೊಲ ಮಾರಿ, ಸಾಲ ಮಾಡಿ ಮಕ್ಕಳನ್ನು ಕಳಿಸಿದ ಮನೆಗಳಿವೆ. ಒಂದು ದಿನದ ಹಾರಾಟ ತಪ್ಪಿದರೂ ಖರ್ಚು ಬೆಳೆಯುತ್ತೆ ಅನ್ನೋ ಒತ್ತಡ ಹುಡುಗರ ಮೇಲಿರುತ್ತೆ. ಹಾಗಾಗಿ ಕೌಲಿಂಗ್ ಕೆಳಗೆ ಆಯಿಲ್ ಕಂಡಾಗ "ಇದನ್ನ ಹೇಳಿದ್ರೆ ಇವತ್ತಿನ ಹಾರಾಟ ಹೋಯ್ತು" ಅನ್ನಿಸೋದು ಸಹಜ.

ಆದರೆ ಪ್ಯಾಕಿಂಗ್‌ಗೆ ಯಾರ ಖರ್ಚೂ ಗೊತ್ತಿಲ್ಲ. ವಿಮಾನದ ಟೆಕ್ ಲಾಗ್‌ನಲ್ಲಿ ಆ ದೋಷವನ್ನು ಬರೆದರೆ ಲೈಸೆನ್ಸ್ ಇರುವ ಎಂಜಿನಿಯರ್ ನೋಡಿ ಸಹಿ ಹಾಕುವವರೆಗೆ ವಿಮಾನ ಹಾರೋದಿಲ್ಲ. ಅದು ವಿದ್ಯಾರ್ಥಿಗೆ ಇರುವ ಹಕ್ಕು, ಕರ್ತವ್ಯವೂ ಹೌದು. ಹೀಗೆ ಬರೆದವರನ್ನು ಬೈಯುವ ಶಾಲೆಗಿಂತ, "ಬಾರಪ್ಪ, ಕೌಲಿಂಗ್ ತೆಗೆದು ನೋಡೋಣ" ಅನ್ನೋ ಶಾಲೆ ಒಳ್ಳೆಯದು.

ಮಕ್ಕಳನ್ನು ಸೇರಿಸಲು ಹೋಗುವ ತಂದೆ ತಾಯಿ ಸಾಮಾನ್ಯವಾಗಿ ಕೇಳೋದು ಫೀ ಎಷ್ಟು, ಎಷ್ಟು ತಿಂಗಳು, ನೌಕರಿ ಸಿಗುತ್ತಾ ಅಂತ. ಇನ್ನೆರಡು ಪ್ರಶ್ನೆ ಸೇರಿಸಿಕೊಳ್ಳಲಿ: ಫಿಲ್ಟರ್ ಬದಲಿಸಿದ ಮೇಲೆ ಎಂಜಿನ್ ಓಡಿಸಿ ಸೋರಿಕೆ ನೋಡಿದ ದಾಖಲೆ ಇದೆಯಾ? ವಿದ್ಯಾರ್ಥಿ ದೋಷ ಬರೆದರೆ ಏನು ಮಾಡ್ತೀರಿ? ಉತ್ತರ ಕೊಡುವವರ ಮುಖ ನೋಡಿದರೇ ಅರ್ಧ ಗೊತ್ತಾಗುತ್ತೆ.